ಸಣ್ಣಾಕಿ ಆಗಿದ್ದ ರವಿವಾರಗಳು

ರವಿವಾರ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಹತ್ತಿದ ಕೂಡಲೇ ನನಗೆ ನಿದ್ದೆ ಬರುತ್ತಿತ್ತು. ಕಿಡಕಿಯ ಗಾಜು ಹಣೆಗೆ ಬಡಿದರೂ ಎಚ್ಚರ ಆಗುತ್ತಿರಲಿಲ್ಲ. ಉಳಿದ ದಿನ ನಾಗಣಸೂರ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಸಂಜೆ ಅಕ್ಕಲಕೋಟದ ಮನೆಗೆ ಬಂದು ಅವ್ವನನ್ನು ನೋಡಿಕೊಳ್ಳುವುದು, ಇದೇ ನನ್ನ ಬದುಕಾಗಿತ್ತು. ಅವ್ವನಿಗೆ ಲಕವಾ ಹೊಡೆದು ಎಡಗೈ ಎಡಗಾಲು ನಿಂತುಹೋಗಿದ್ದವು. ಬಾಯಿ ಮತ್ತು ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿದ್ದವು. ನಾನು ಮದುವೆಯಾಗಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಕೇಳುವವರು ಬಂದಾಗ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು, ಆಮೇಲೆ ಕೇಳುವವರು ಬರುವುದು ನಿಂತಿತು.

ಸೊಲ್ಲಾಪುರದಲ್ಲಿ ನನ್ನ ತಮ್ಮನ ಚಾದರು ಮತ್ತು ಟಾವೆಲ್ಲಿನ ಅಂಗಡಿ ಇದೆ. ಅಂಗಡಿಯ ಹಿಂದೆಯೇ ಮನೆ. ಅವ್ವನ ಗುಳಿಗೆಗಳು ಸೊಲ್ಲಾಪುರದಲ್ಲೇ ಸಿಗುತ್ತಿದ್ದುದರಿಂದ, ಶಾಲೆಯ ದಿನಗಳ ಹಾಗೆಯೇ ನೆರೆಮನೆಯ ಹೆಣ್ಣುಮಗಳನ್ನು ಅವ್ವನ ಹತ್ತಿರ ಕೂರಿಸಿ ನಾನು ಪ್ರತಿ ರವಿವಾರ ಹೋಗಿ, ತಮ್ಮನ ಮನೆಯಲ್ಲಿ ಊಟ ಮಾಡಿ, ಗುಳಿಗೆ ತೆಗೆದುಕೊಂಡು ಸಂಜೆಗೆ ತಿರುಗಿ ಬರುತ್ತಿದ್ದೆ. ಊಟಕ್ಕೂ ಸಂಜೆಯ ಬಸ್ಸಿಗೂ ನಡುವೆ ಇರುವ ಆ ಖಾಲಿ ಹೊತ್ತಿನಲ್ಲೇ ಈ ಆಟ ಸುರುವಾದದ್ದು.

ಆಟ ತಂದವಳು ತಮ್ಮನ ಮಗಳು. ಪುಣೆಯಲ್ಲಿ ಓದು ಮುಗಿಸಿ ಬಂದು, ಮನೆಯಲ್ಲೇ ಸರಕಾರಿ ಪರೀಕ್ಷೆಗಳಿಗೆ ಅಭ್ಯಾಸ ಮಾಡುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಕಲಿತ ಆಟವಂತೆ. ನಾನು ಚೌಕಾಬಾರದಂಥ ಮನೆ, ಕಾಯಿ ಇರುವ ಆಟ ಅಂದುಕೊಂಡಿದ್ದೆ. ಅಂಥದ್ದೇನೂ ಇರಲಿಲ್ಲ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯರಾಗಿ ಕೂತು, ಈಗ ನಾನು ಹಿಂಗ ಮಾಡತೀನಿ, ಹಂಗ ಮಾಡತೀನಿ ಎಂದು ಹೇಳುತ್ತಾ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ಇಪ್ಪತ್ತು ಮುಖದ ದಾಳ, ಹುಣಸೇಬೀಜಕ್ಕಿಂತ ಸ್ವಲ್ಪ ದೊಡ್ಡದು. ದೊಡ್ಡ ಅಂಕಿ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು.

ಅಂಗಡಿಯ ಮೇಲಿನ ಕೋಣೆಯಲ್ಲಿ, ಟಾವೆಲ್ಲಿನ ಗಂಟುಗಳ ನಡುವೆ ಜಮಖಾನೆ ಹಾಸಿ ಕೂರುತ್ತಿದ್ದೆವು. ಕಥೆ ಹೇಳುವವಳು ಸೊಸೆ. ತಮ್ಮನ ಮಗಳನ್ನು ನಮ್ಮ ಕಡೆ ಸೊಸೆ ಅಂತಲೇ ಕರೆಯುವುದು. ಅವಳು ನನ್ನನ್ನು ಆತ್ಯಾ, ಅಂದರೆ ಸೋದರತ್ತೆ, ಅನ್ನುತ್ತಾಳೆ. ಆಡುವವರು ನಾನು, ತಮ್ಮ, ಮತ್ತೆ ಸೊಸೆಯ ಗೆಳತಿ. ಈ ಗೆಳತಿ ಕಣ್ಣಿನ ದವಾಖಾನೆಯಲ್ಲಿ ಚಸ್ಮಾದ ನಂಬರು ತೆಗೆಯುವವಳು. ಮನೆಮಾತು ತೆಲುಗು, ನಮ್ಮೊಂದಿಗೆ ಮಾತಾಡುವುದು ಮರಾಠಿ, ನಾವು ಕನ್ನಡದಲ್ಲಿ ಅಂದದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಸೊಲ್ಲಾಪುರದಲ್ಲಿ ಇದೇನೂ ಹೊಸದಲ್ಲ. ಕಥೆ ಒಂದು ಮಾತಿನಲ್ಲಿ ಸುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು.

ಮೊದಲ ದಿನ ಸೊಸೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಯಾರು ಏನಾಗುತ್ತೀರಿ ಎಂದು ಕೇಳಿದಳು. ಗೆಳತಿ ಕತ್ತಿ ಹಿಡಿದ ಹೆಣ್ಣಾದಳು. ತಮ್ಮನಿಗೆ ಬೆನ್ನುಬೇನೆ. ಆಟದಲ್ಲಾದರೂ ಓಡಾಡುವ ಕೆಲಸ ಬೇಡ ಎಂದು, ಗಿಡಮೂಲಿಕೆ ಬಲ್ಲ, ಕೋಲು ಹಿಡಿದ ಒಬ್ಬ ಮುದುಕಿಯಾದ. ನನಗೆ ಇನ್ನೂ ಬಸ್ಸಿನ ನಿದ್ದೆ ಬಿಟ್ಟಿರಲಿಲ್ಲ.

"ಆತ್ಯಾ, ನೀವು ಏನಾಗತೀರಿ? ವೈದ್ಯಳು ಆಗರಿ. ನಿಮಗ ಚಲೋ ಒಪ್ಪತೈತಿ," ಅಂದಳು ಸೊಸೆ.

"ವೈದ್ಯಳು ಬ್ಯಾಡವಾ. ಅದೇನು ದಿನಾ ಮಾಡಾಕತ್ತೀನಿ. ಯಾರೂ ಏನೂ ಕೆಲಸ ಹೇಳದಂಥಾಕಿ ಯಾರರ ಇದ್ದರ, ಅಂಥಾಕಿನ್ನ ಕೊಡು."

ಅವಳು ಸ್ವಲ್ಪ ವಿಚಾರ ಮಾಡಿದಳು. "ಹಂಗಾರ ಸಣ್ಣ ಹುಡಿಗಿ ಆಗರಿ. ಆರು ವರ್ಷದಾಕಿ."

ಆಗಲಿ ಅಂದೆ. ಹೆಸರು ಬರೆಯುವ ಜಾಗ ಖಾಲಿ ಬಿಟ್ಟೆ. ಹೆಸರು ಹುಡುಕುವಷ್ಟೂ ಕಸುವು ಇರಲಿಲ್ಲ. ಎಲ್ಲರೂ ಆಕೆಯನ್ನು ಸಣ್ಣಾಕಿ ಅಂತ ಕರೆಯತೊಡಗಿದರು, ಅದೇ ಉಳಿಯಿತು.

ಸೊಸೆ ಕಟ್ಟಿದ ಕಥೆಯಲ್ಲಿ ಒಂದೂರಿನ ಕೆರೆಯ ನೀರು ಕಳುವಾಗಿತ್ತು. ರಾತ್ರಿ ಇದ್ದ ನೀರು ಬೆಳಿಗ್ಗೆ ಇಲ್ಲ, ಮೀನುಗಳು ಕೆಸರಿನಲ್ಲಿ ಹೊರಳಾಡುತ್ತಿವೆ. ನೀರು ಕದ್ದವರನ್ನು ಹುಡುಕಿಕೊಂಡು ಕತ್ತಿಯವಳು, ಮುದುಕಿ, ಮುದುಕಿಯ ಹಿಂದೆ ಬೆನ್ನುಬಿದ್ದು ಬಂದ ಸಣ್ಣಾಕಿ, ಒಂದು ಮುದಿ ಕುದುರೆ, ಇಷ್ಟು ಜನ ಗುಡ್ಡಗಳ ಕಡೆಗೆ ಹೊರಟರು.

ಸಣ್ಣ ಹುಡುಗಿಯಾಗುವುದು ಸುಲಭ ಅಂತ ನಾನು ತಿಳಿದಿದ್ದೆ. ವಾರವೆಲ್ಲ ಮಕ್ಕಳ ನಡುವೆಯೇ ಇರುವಾಕೆ ನಾನು. ಮೊದಲ ರವಿವಾರ ತೊದಲುಮಾತು ಆಡಿದೆ. 'ಕುದುರೆ' ಅನ್ನುವ ಬದಲು 'ಕುದುಲೆ' ಅಂದೆ, ಕಣ್ಣು ಪಿಳಿಪಿಳಿ ಮಾಡಿದೆ. ಗೆಳತಿ ನಕ್ಕಳು, ತಮ್ಮನೂ ನಕ್ಕ. ಆದರೆ ತಲೆಯಲ್ಲಿ ಬಿಳಿಕೂದಲು ಹಣಿಕಿದ ಹೆಂಗಸು ತೊದಲುವುದು ನನ್ನ ಕಿವಿಗೇ ಅಸಹ್ಯವಾಯಿತು. ಆರು ವರ್ಷದ ಯಾವ ಹುಡುಗಿಯೂ ನನ್ನ ವರ್ಗದಲ್ಲಿ ಹಾಗೆ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಉಳಿದವರು ಅವಳನ್ನು ಆಡಿಕೊಂಡು ಅಳಿಸುತ್ತಿದ್ದರು.

ಮುಂದಿನ ಸಲ ತೊದಲು ಬಿಟ್ಟು ಸಣ್ಣಾಕಿಯನ್ನು ಶಾಣ್ಯಾಕಿ ಮಾಡಿದೆ. ದೊಡ್ಡವರಿಗೆ ತಿಳಿಯದ್ದು ಅವಳಿಗೆ ತಿಳಿಯುತ್ತಿತ್ತು, ದೊಡ್ಡವರು ಜಗಳಾಡಿದರೆ ಅವಳು ಒಂದು ಮಾತು ಹೇಳಿ ಬಿಡಿಸುತ್ತಿದ್ದಳು. ಅದು ಇನ್ನೂ ಕೆಟ್ಟದಾಯಿತು. ಆರು ವರ್ಷದವಳ ಬಾಯಿಂದ ಅರವತ್ತು ವರ್ಷದವರ ಮಾತು ಬಂದಾಗ ಸೊಸೆ ಪೆನ್ಸಿಲ್ ತಿರುಗಿಸುತ್ತಾ ಕೂತಳು. ಅವಳಿಗೆ ಬೇಸರವಾದಾಗ ಹಾಗೆ ಮಾಡುತ್ತಾಳೆ ಎನ್ನುವುದು ನನಗೆ ಗೊತ್ತು.

ಆಮೇಲೆ ಒಂದು ಹೊಂದಿಕೆ ಆಯಿತು ಅನಿಸಿತು. ಸಣ್ಣಾಕಿ ಕಟ್ಟಿಗೆ ಆರಿಸುತ್ತಿದ್ದಳು, ಕುದುರೆಗೆ ನೀರು ತೋರಿಸುತ್ತಿದ್ದಳು, ಮುದುಕಿಯ ಕಾಲು ಒತ್ತುತ್ತಿದ್ದಳು, ಕತ್ತಿಯವಳ ಗಾಯಕ್ಕೆ ಅರಿವೆ ಕಟ್ಟುತ್ತಿದ್ದಳು. ಆಟ ಸರಾಗವಾಗಿ ಸಾಗಿತು. ನನಗೂ ಸಮಾಧಾನ. ಒಂದು ಮಧ್ಯಾಹ್ನ ಸೊಸೆ ಕಥೆ ನಿಲ್ಲಿಸಿ ಕೇಳಿದಳು.

"ಆತ್ಯಾ, ಒಂದು ಮಾತು ಕೇಳಲೇನು? ಸಣ್ಣಾಕಿಗೆ ಏನು ಬೇಕಾಗೈತಿ?"

"ನೀರು ಸಿಗಬೇಕಾಗೈತಿ. ಎಲ್ಲಾರಿಗೂ ಅದಽ ಅಲ್ಲೇನು?"

"ಅದು ಊರಿಗೆ ಬೇಕಾದದ್ದು. ಆಕಿಗೆ? ಇಷ್ಟು ದಿವಸ ಆತು, ಆಕಿ ಒಮ್ಮಿನೂ ಏನೂ ಬೇಡಿಲ್ಲ ನೋಡರಿ. ಹಸಿವಿ ಅಂದಿಲ್ಲ, ನಿದ್ದಿ ಅಂದಿಲ್ಲ."

ತಮ್ಮ ಚಹಾ ತರುತ್ತೇನೆ ಎಂದು ಎದ್ದ. ಆ ದಿನ ತಿರುಗಿ ಬರುವ ಬಸ್ಸಿನಲ್ಲಿ ಮಾತ್ರ ನನಗೆ ನಿದ್ದೆ ಬರಲಿಲ್ಲ. ನಾನು ಏನೂ ಕೆಲಸವಿಲ್ಲದವಳಾಗಬೇಕು ಎಂದು ಕೇಳಿ ತೆಗೆದುಕೊಂಡ ವೇಷ. ಅದರಲ್ಲೂ ಹೋಗಿ ಕಟ್ಟಿಗೆ ಆರಿಸುತ್ತಾ ಕೂತಿದ್ದೆ. ನನ್ನ ಮೇಲೆ ನನಗೆ ನಗು ಬರಬೇಕಿತ್ತು. ದಣಿವಷ್ಟೇ ಬಂತು.

ಸೋಮವಾರ ವರ್ಗದಲ್ಲಿ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡಿದೆ. ನಾನು ಇಷ್ಟು ವರ್ಷ ಅವರನ್ನು ನೋಡಿದ್ದು ಯಾರು ಬರೆದರು, ಯಾರು ಬರೆಯಲಿಲ್ಲ, ಯಾರ ಮೂಗು ಸುರಿಯುತ್ತಿದೆ ಎಂದು. ಈಗ ನೋಡಿದರೆ ಅವರಿಗೆ ಕ್ಷಣಕ್ಷಣಕ್ಕೂ ಏನಾದರೂ ಬೇಕು. ಒಬ್ಬನಿಗೆ ಪಕ್ಕದವನ ಅರ್ಧ ಪೆನ್ಸಿಲ್ ಬೇಕು, ತನ್ನದು ಪೂರ್ತಿ ಇದ್ದರೂ. ಒಬ್ಬಳು ಬಾಗಿಲಲ್ಲೇ ನಿಂತಿದ್ದಳು.

"ಯಾಕವಾ, ಒಳಗ ಬಾ," ಅಂದೆ.

"ನಾ ಇವತ್ತ ಕಿಡಕಿ ಕಡೆ ಕುಂದರಾಕಿ ರೀ ಬಾಯಾರ." ನಮ್ಮ ಕಡೆ ಮಕ್ಕಳು ಶಿಕ್ಷಕಿಯನ್ನು ಬಾಯಾರ ಅಂತಲೇ ಕರೆಯುವುದು.

"ಯಾಕ?"

"ಕುಂದರಬೇಕ್ರಿ."

ಅವಳ ಮುಖದಲ್ಲಿ ಚೆಲ್ಲಾಟ ಇರಲಿಲ್ಲ, ಮುದ್ದೂ ಇರಲಿಲ್ಲ. ಪಂಚಾಯತಿಗೆ ಬಂದ ದೊಡ್ಡವರಷ್ಟು ಗಂಭೀರವಾಗಿ ನಿಂತಿದ್ದಳು. ಕಾರಣ ಹೇಳಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಕಿಡಕಿಯ ಕಡೆಯ ಹುಡುಗನನ್ನು ಸರಿಸಿ ಅವಳನ್ನು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಅವಳಿಗೆ ಕಿಡಕಿ ಮರೆತೇಹೋಯಿತು.

ಮುಂದಿನ ರವಿವಾರ ಸಣ್ಣಾಕಿ ಕುದುರೆಯ ಮೇಲೆ ಹಿಂದುಮುಂದಾಗಿ, ಬಾಲದ ಕಡೆ ಮುಖ ಮಾಡಿ ಕೂರುತ್ತೇನೆ ಅಂದಳು. ಮುದುಕಿ ಬೇಡ ಅಂದಳು, ಬೀಳುತ್ತೀ ಅಂದಳು. ಸಣ್ಣಾಕಿ, "ಕುಂದರಬೇಕು," ಅಂದಳು, ಅಷ್ಟೇ. ಸೊಸೆಯ ಪೆನ್ಸಿಲ್ ನಿಂತಿತು. ಅಂದಿನಿಂದ ಪಾತ್ರ ನನ್ನ ಕೈಗೆ ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. ಆದರೆ ಒಂದು ಮಾತು ಇದ್ದದ್ದು ಇದ್ದ ಹಾಗೆ ಹೇಳಬೇಕು. ಇದರಿಂದ ನನಗೆ ಹಗುರಾಯಿತು ಅಂತ ಕೇಳಿದವರು ತಿಳಿಯುತ್ತಾರೆ. ಹಾಗೇನೂ ಆಗಲಿಲ್ಲ. ಬೇಡುವುದು ದೊಡ್ಡ ದಗದ, ಮೈಮುರಿಯುವ ಕೆಲಸ. ಸಂಜೆಗೆ ಜೋಳದ ರಾಶಿ ಮಾಡಿ ಬಂದವರ ಹಾಗೆ ಮೈಯೆಲ್ಲ ನೋಯುತ್ತಿತ್ತು.

ಗೆಳತಿಗೂ ಇದರಿಂದ ತ್ರಾಸು ಆಯಿತು. ಅವಳು ಗುಡ್ಡದ ಕಳ್ಳರ ಮೇಲೆ ಏರಿಹೋಗಲು ಒಂದು ಉಪಾಯ ಕಟ್ಟಿದರೆ, ಸಣ್ಣಾಕಿ ಅಲ್ಲೊಂದು ಓತಿಕ್ಯಾತ ನೋಡುತ್ತಾ ಕೂತಿರುತ್ತಿದ್ದಳು. ಅವಳನ್ನು ಕಾಯಲು ಒಬ್ಬರು ಹಿಂದೆ ಉಳಿಯಬೇಕು. ಒಂದು ದಿನ ಚಹಾದ ಹೊತ್ತಿಗೆ ಅವಳು ಮೆಲ್ಲಗೆ ಅಂದಳು, "ಆತ್ಯಾ, ರಾಗ ನಕಾ ಮಾನೂ. ಪಣ ಪ್ರತ್ಯೇಕ್ ವೇಳೀ ತಿಲಾಚ್ ಸಾಂಭಾಳಾಯಚ?" ಸಿಟ್ಟಾಗಬೇಡಿ, ಆದರೆ ಪ್ರತಿ ಸಲ ಅವಳನ್ನೇ ಸಂಭಾಳಿಸುತ್ತಾ ಕೂರಬೇಕೇನು ಅನ್ನುವುದು ಅವಳ ಮಾತು. ಅದರಲ್ಲಿ ತಪ್ಪೇನಿರಲಿಲ್ಲ. ಆಟದ ನಡುವೆ ಒಂದು ಮಗುವನ್ನು ತಂದಿಟ್ಟರೆ ಉಳಿದವರ ಕೈಕಾಲು ಕಟ್ಟಿದ ಹಾಗೇ.

ಸೊಸೆ ಇಬ್ಬರ ಮಾತೂ ಕೇಳಿ ಒಂದು ಕಟ್ಟಳೆ ಮಾಡಿದಳು. ಸಣ್ಣಾಕಿ ಸಾಯುವುದಿಲ್ಲ, ಆಕೆಯ ಮೈಮೇಲೆ ಯಾರೂ ಕೈ ಮಾಡುವುದಿಲ್ಲ. ಇದು ಮೊದಲೇ ಎಲ್ಲರಿಗೂ ಗೊತ್ತಿರಲಿ, ಆ ಹೆದರಿಕೆ ಆಟದಲ್ಲಿ ಬೇಡ. ಆದರೆ ಹಸಿವು, ನೀರಡಿಕೆ, ದಾರಿ ತಪ್ಪುವುದು ಆಕೆಗೂ ಇರುತ್ತದೆ, ಕತ್ತಿಯವಳು ಪ್ರತಿ ಸಲ ಹಿಂದೆ ಉಳಿಯಬೇಕಿಲ್ಲ. ಮಕ್ಕಳ ಪಾತ್ರ ಆಡುವವರು ಎಲ್ಲೇ ಇರಲಿ, ಈ ಕಟ್ಟಳೆ ಮೊದಲು ಮಾಡಿಕೊಳ್ಳಬೇಕು ಅಂತ ನನಗೆ ಈಗಲೂ ಅನಿಸುತ್ತದೆ.

ಬೇಸಿಗೆ ಹತ್ತಿರ ಬಂದಾಗ ಕಥೆ ಒಂದು ಕಣಿವೆಗೆ ಬಂತು. ಕಣಿವೆಯ ಆಚೆ ನೀರಿನ ಸಪ್ಪಳ ಕೇಳುತ್ತಿದೆ ಅಂತ ಸೊಸೆ ಹೇಳಿದಳು. ದಾರಿ ಕಡಿದಾದದ್ದು, ಕುದುರೆ ಬರುವುದಿಲ್ಲ. ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ತಮ್ಮ ಅಂಗಿಯ ಗುಂಡಿ ಬಿಚ್ಚಿ, ಗಂಟಿಗೆ ಒರಗಿ ಕೂತಿದ್ದ. ಮುದುಕಿಯ ದನಿಯಲ್ಲಿ ಅಂದ:

"ಸಣ್ಣಾಕಿ, ನೀ ಶಾಣ್ಯಾಕಿ ಅದಿ. ಇಲ್ಲೇ ಕುಂತು ಕುದುರಿ ಕಾಯ್ಕೋತ ಇರು. ನಾವು ಹೋಗಿ ಬರತೀವಿ."

ಆಟದಲ್ಲಿ ಅದು ಸರಿಯಾದ ಮಾತೇ. ಆದರೆ ನನಗೆ ಕರಜಗಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ತಮ್ಮ ಹುಟ್ಟಿದ ಮೇಲೆ ಅವ್ವ ಬಹಳ ದಿನ ಜ್ವರದಲ್ಲಿ ಮಲಗಿದ್ದಳು. ಅಪ್ಪ ಹೊಲಕ್ಕೆ ಹೋಗಬೇಕು. ನಾನು ಆಗಿನ್ನೂ ಶಾಲೆಗೆ ಸೇರಿದ ಹೊಸತು. ಅವ್ವ ಮಲಗಿದಲ್ಲಿಂದಲೇ, "ನೀ ಶಾಣ್ಯಾಕಿ ಅದಿ ಯವ್ವಾ, ತಮ್ಮನ್ನ ಎತ್ಕೋ," ಅನ್ನುತ್ತಿದ್ದಳು. ಬಂದವರೂ ಹೋದವರೂ ಅದೇ ಮಾತು ಅಂದರು. ಎತ್ತಿಕೊಂಡೆ. ಬಗಲಲ್ಲಿ ಅವನನ್ನು ಇಟ್ಟುಕೊಂಡೇ ರೊಟ್ಟಿ ಬಡಿಯುವುದನ್ನು ಕಲಿತೆ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವ್ವ ಬದುಕಿದಳು, ತಮ್ಮ ಬೆಳೆದ. ಶಾಣ್ಯಾಕಿ ಅನ್ನುವ ಹೆಸರು ಮಾತ್ರ ನನ್ನ ಮೈಗೆ ಅಂಟಿಕೊಂಡಿತು.

"ನಾ ಶಾಣ್ಯಾಕಿ ಅಲ್ಲ," ಅಂದೆ.

ತಮ್ಮ ನಕ್ಕ. "ಹಂಗ ಅನ್ನಬಾರದವ. ಕುದುರಿ ಯಾರು ನೋಡಬೇಕು?"

"ನಾ ಒಲ್ಲೆ. ನನಗ ಸಾಕಾಗೈತಿ. ಕಾಲು ನೋಯಾಕತ್ಯಾವ. ನನ್ನ ಎತ್ಕೋ."

ಸಣ್ಣ ಹುಡುಗಿಯ ದನಿ ಮಾಡಬೇಕು ಎಂದು ನೆನಪಾಗಲಿಲ್ಲ. ನನ್ನ ದನಿಯಲ್ಲೇ ಅಂದುಬಿಟ್ಟಿದ್ದೆ. ತಮ್ಮನ ನಗು ಮುಖದಲ್ಲೇ ನಿಂತು, ಹಾಗೇ ಇಳಿಯಿತು. ಗೆಳತಿ ಕೈಯಲ್ಲಿದ್ದ ಬಿಸ್ಕೀಟು ಕೆಳಗಿಟ್ಟಳು. ಸೊಸೆ ನನ್ನ ಕಡೆ ಒಮ್ಮೆ ನೋಡಿ, "ಆತ್ಯಾ, ಆಟ ನಿಂದರಸಲೇನು?" ಅಂತ ಕೇಳಿದಳು. ಬೇಡ ಅಂತ ತಲೆ ಅಲ್ಲಾಡಿಸಿದೆ.

"ಮುದುಕಿ ಏನು ಮಾಡತಾಳ, ಪಪ್ಪಾ?" ಅಂದಳು.

ತಮ್ಮ ಬಹಳ ಹೊತ್ತು ತನ್ನ ಹಾಳೆ ನೋಡಿದ. ಆಮೇಲೆ, "ಎತ್ಕೋತಾಳ," ಅಂದ.

"ಮುದುಕಿಗೆ ಕಸುವಿಲ್ಲ. ದಾಳ ಹಾಕರಿ."

ಹಾಕಿದ. ಬಿದ್ದದ್ದು ಬಹಳ ಸಣ್ಣ ಅಂಕಿ. ಮುದುಕಿ ಹುಡುಗಿಯನ್ನು ಬೆನ್ನಿಗೆ ಹಾಕಿಕೊಂಡು ಏಳುವಾಗ ಮೊಣಕಾಲು ಮಡಚಿ ಇಬ್ಬರೂ ಕಲ್ಲಿನ ಮೇಲೆ ಬಿದ್ದರು, ಯಾರಿಗೂ ಪೆಟ್ಟಾಗಲಿಲ್ಲ ಅಂತ ಸೊಸೆ ಹೇಳಿದಳು. ಇನ್ನೊಮ್ಮೆ ಎತ್ತಲು ನೋಡುತ್ತೀರಾ ಅಂತ ಕೇಳಿದಳು.

"ಇಲ್ಲ," ಅಂದ ತಮ್ಮ. "ಈಗ ಎತ್ತಾಕ ಆಗಂಗಿಲ್ಲ. ಆದರ ಆಕಿನ್ನ ಬಿಟ್ಟೂ ಹೋಗಂಗಿಲ್ಲ. ಇಲ್ಲೇ ಕುಂದರತೀವಿ ಇಬ್ಬರೂ."

ಕತ್ತಿಯವಳು ಒಬ್ಬಳೇ ಕಣಿವೆ ದಾಟಿ ಹೋದಳು, ದಾರಿ ಸಿಗದೆ ತಿರುಗಿ ಬಂದಳು. ಆ ದಿನದ ಆಟದಲ್ಲಿ ನೀರಿನ ಕಡೆಗೆ ನಾವು ಒಂದು ಹೆಜ್ಜೆಯೂ ಹೋಗಲಿಲ್ಲ.

ಸಂಜೆ ತಮ್ಮ ಗಾಡಿ ಮೇಲೆ ನನ್ನನ್ನು ಸ್ಟ್ಯಾಂಡಿಗೆ ಬಿಡಲು ಬಂದ. ಬಸ್ಸನ್ನು ಇನ್ನೂ ಪ್ಲಾಟ್‌ಫಾರ್ಮಿಗೆ ಹಚ್ಚಿರಲಿಲ್ಲ, ನಾನು ಬೆಂಚಿನ ಮೇಲೆ ಕೂತೆ. ಗುಳಿಗೆಯ ಚೀಲ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲೇ ನಿಂತು ಅವನು ಕೇಳಿದ.

"ಅಕ್ಕಾ, ನೀ ಅಂದದ್ದು ಆಟದಾಗಿಂದ ಹೌದಲ್ಲ?"

"ಹೌದು," ಅಂದೆ. ಆಮೇಲೆ ಆ 'ಹೌದು' ಬಾಯಲ್ಲಿ ಕಹಿಯಾಯಿತು. "ಆಟದಾಗಿಂದೂ ಹೌದು, ಖರೇನೂ ಹೌದು. ನನಗ ಸಾಕಾಗೈತಿ ತಮ್ಮಾ. ಅವ್ವನ್ನ ಸ್ವಲ್ಪ ದಿವಸ ನೀ ಇಟ್ಕೋ."

ಅವನು ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಮನ್ಯಾಗ ಕೇಳಿ ಹೇಳತೀನಿ," ಅಂದ. ನನಗೆ ಸಿಟ್ಟು ಬಂತು. ನಾನು ಯಾರನ್ನೂ ಕೇಳದೆ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಬಸ್ಸು ಬಂತು, ಹೇಳದೆ ಕೇಳದೆ ಹತ್ತಿದೆ.

ಮರುದಿನ ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಫೋನು ಬಂತು. ತಮ್ಮನ ಹೆಂಡತಿ. ಅವಳಿಗೂ ಮನೆ, ಅಂಗಡಿ, ಅವಳ ಅಪ್ಪನ ಡಯಾಲಿಸಿಸ್ಸಿಗೆ ಓಡಾಟ ಎಲ್ಲ ಇತ್ತು. ನಾನು ನೆಪ ಕೇಳಲು ತಯಾರಾಗಿ ಕೂತೆ.

"ಅಕ್ಕಾರ, ಅತ್ತ್ಯಾರ್ನ ಶನಿವಾರ ಕರ್ಕೊಂಡ ಬರಾಕ ಕಾರ ಗಾಡಿ ಕಳಸತೀವಿ," ಅಂದಳು. "ಇದನ್ನ ನೀವು ಮೊದಲಽ ಹೇಳಬೇಕಿತ್ರಿ."

"ನೀವು ಕೇಳಬೇಕಿತ್ತು," ಅಂದೆ.

"ಕೇಳಿದ್ರ, ನಾ ಬರಾಬರಿ ನೋಡ್ಕೋಳಂಗಿಲ್ಲೇನು ಅಂತ ನಿಮಗ ಸಿಟ್ಟ ಬರತಿತ್ತೇನೋ ಅಂತ ಬಿಟ್ವಿ. ನೀವು ಎಲ್ಲಾ ಹಂಗ ಮಾಡ್ಕೋತ ಬಂದೀರಿ ನೋಡರಿ, ನಡುವ ಕೈ ಹಾಕಾಕ ಅಂಜಿಕಿ ಬರತಿತ್ತು."

ಅದು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು.

ಶನಿವಾರ ಅವ್ವನನ್ನು ಕಳಿಸಿದೆ. ಮನೆ ಸುಮ್ಮನಾಯಿತು. ನಾನು ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಇನ್ನು ಏನೇನೋ ಮಾಡಬಹುದು ಅಂದುಕೊಂಡಿದ್ದೆ, ಒಂದೂ ಮಾಡಲಿಲ್ಲ. ಅಷ್ಟು ವರ್ಷದ ನಿದ್ದೆ ಎಲ್ಲಿ ಕೂತಿತ್ತೋ, ಒಂದೊಂದಾಗಿ ಬಂತು.

ಅವ್ವನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದು ಆಟ ಕೆಳಗಿನ ಕೋಣೆಗೆ, ಅವಳ ಮಂಚದ ಹತ್ತಿರ ಇಳಿಯಿತು. ಮೊದಲ ದಿನ ಅವ್ವ ದಿಂಬಿಗೆ ಒರಗಿ, ನಾವು ಇಷ್ಟು ದೊಡ್ಡವರು ಇಲ್ಲದ ಕುದುರೆಗೆ ಹುಲ್ಲು ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ಸಣ್ಣಾಕಿ ಆವತ್ತು ಗುಡ್ಡದ ಮೇಲಿನ ಒಬ್ಬ ಕಾವಲುಗಾರನ ಹೊಳೆಯುವ ಗಂಟೆ ತನಗೇ ಬೇಕು ಎಂದು ಹಟ ಹಿಡಿದಿದ್ದಳು.

"ಇದೇನ ನಡದೈತಿ?" ಅಂದಳು ಅವ್ವ.

ಸೊಸೆ ತಿಳಿಸಿ ಹೇಳಿದಳು. "ಆತ್ಯಾ ಸಣ್ಣ ಹುಡಿಗಿ ಆಗ್ಯಾರಜ್ಜಿ. ಖರೇ ಸಣ್ಣಾಕಿ ಇದ್ದಾಗ ಆತ್ಯಾ ಹೆಂಗ ಇದ್ದರು?"

ನಾನು ಉತ್ತರ ಮೊದಲೇ ಬಲ್ಲೆ ಅಂದುಕೊಂಡೆ. ಭಾಳ ಶಾಣ್ಯಾಕಿ ಅನ್ನುತ್ತಾಳೆ.

"ಈಕಿನಾ? ಈಕಿ ಭಾಳ ಹಟಮಾರಿ," ಅಂದಳು ಅವ್ವ. "ಒಮ್ಮಿ ಅಕ್ಕಲಕೋಟ ಸ್ಟ್ಯಾಂಡಿನಾಗ ಕಂಡಕ್ಟರನ ಕೈಯಾಗಿಂದು ಟಿಕೀಟ ತೂತು ಮಾಡೋ ಚಿಮಟಾ ಬೇಕಂತ ಬಸ್ಸಿನ ಮುಂದ ನೆಲಕ್ಕ ಬಿದ್ದು ಹೊರಳ್ಯಾಡಿದ್ಲು. ಬಸ್ಸ ಬಿಡಾಕ ಬರವಲ್ದು. ಮಂದಿ ಎಲ್ಲಾ ಬೈಯಾಕತ್ರು. ಅಂವಾ ಪಾಪ ಛಲೋ ಮನಷ್ಯಾ, ಕರಜಗಿ ಬರೂತನಾ ಈಕಿ ಕಡೆನಽ ಟಿಕೀಟ ತೂತು ಮಾಡಸಿದ."

"ಅದು ನಾ ಅಲ್ಲ," ಅಂದೆ. "ಅದು ತಮ್ಮ ಇರಬೇಕು."

"ಆಗ ತಮ್ಮ ಎಲ್ಲಿ ಹುಟ್ಟಿದ್ದ? ನೀನಽ. ಇಳಿಯೂಮುಂದ ಚಿಮಟಾ ಬಿಡಾಕ ಒಲ್ಲೆ ಅಂತ ಅವನ ಕೈ ಕಡದಿ."

ತಮ್ಮ ಬೆನ್ನುಬೇನೆ ಮರೆತು ಹೊರಳಾಡಿ ನಕ್ಕ. ಗೆಳತಿ ಕಣ್ಣು ಒರೆಸಿಕೊಂಡಳು. ನಾನು ಎಷ್ಟು ನೆನೆಸಿಕೊಂಡರೂ ಆ ಸ್ಟ್ಯಾಂಡಿನ ನೆಲ, ಆ ಚಿಮಟಾ, ಆ ಕಂಡಕ್ಟರು, ಯಾವುದೂ ನೆನಪಿಗೆ ಬರಲಿಲ್ಲ. ನನ್ನ ನೆನಪು ಸುರುವಾಗುವುದೇ ಬಗಲಲ್ಲಿ ತಮ್ಮನಿರುವಲ್ಲಿಂದ. ಅದಕ್ಕೂ ಮೊದಲು ಒಬ್ಬ ಹುಡುಗಿ ಇದ್ದಳು, ಬಸ್ಸು ನಿಲ್ಲಿಸುವಷ್ಟು ಬೇಡುತ್ತಿದ್ದಳು. ಅವ್ವನಿಗೆ ಮಾತ್ರ ಅವಳ ಗುರುತು ಇತ್ತು. ಖುಷಿಪಡಬೇಕೋ ಅಳಬೇಕೋ ತಿಳಿಯದೆ, ಎದ್ದುಹೋಗಿ ಅವ್ವನ ಸೆರಗು ಸರಿ ಮಾಡಿದೆ. ಅವ್ವ ನನ್ನ ಕೈ ಸರಿಸಿ, "ಕುಂದರು, ಆಡು," ಅಂದಳು.

ಮಳೆಗಾಲ ಸುರುವಾಗುವ ಮುಂಚೆ ಸೊಸೆಗೆ ಲಾತೂರಿನಲ್ಲಿ ನೌಕರಿ ಆಯಿತು. ಹೋಗುವ ಮುಂಚೆ ಕಥೆ ಮುಗಿಸೋಣ ಅಂದಳು. ಕಣಿವೆಯ ಆಚೆಯ ಹಾದಿ ಕೊನೆಗೂ ಕತ್ತಿಯವಳಿಗೆ ಸಿಕ್ಕಿತು. ನೀರು ಕದ್ದವರು ನಮ್ಮ ಹಾಗೇ ನೀರಡಿಸಿದ ಇನ್ನೊಂದು ಊರಿನ ಜನ. ಅವರೊಡನೆ ಬಡಿದಾಡುವುದೇ ಹಂಚಿಕೊಳ್ಳುವುದೇ ಎಂಬ ಮಾತಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಹಂಚಿಕೊಂಡೆವು. ಎರಡೂ ಊರಿಗೆ ಅರೆಬರೆ ನೀರು ಆಯಿತು, ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ.

ಕೊನೆಗೆ ಸೊಸೆ ಒಬ್ಬೊಬ್ಬರನ್ನೇ ಕೇಳಿದಳು, ಮುಂದೆ ನಿಮ್ಮವರು ಏನಾದರು ಅಂತ. ಕತ್ತಿಯವಳು ಆ ಎರಡನೇ ಊರಿನಲ್ಲೇ ಮನೆ ಮಾಡಿದಳು. ಮುದುಕಿ ಬೆನ್ನಿಗೆ ತಾನೇ ಒಂದು ಎಣ್ಣೆ ಕಾಯಿಸಿಕೊಂಡು ಬಿಸಿಲಿಗೆ ಕೂತಳು.

"ಸಣ್ಣಾಕಿ?"

"ಸಾಲಿಗೆ ಹೋಗತಾಳ," ಅಂದೆ.

"ಅಷ್ಟ?"

"ಮೊದಲ ದಿವಸ ಅಳತಾಳ. ಬಾಯಾರು ಒಳಗ ಕರದ್ರೂ ಹೋಗಂಗಿಲ್ಲ."

ಸೊಸೆ ಅದನ್ನು ಬರೆದುಕೊಳ್ಳಲಿಲ್ಲ, ಹಾಳೆಗಳನ್ನು ಒಟ್ಟು ಮಾಡಿ ದಾಳಗಳ ಡಬ್ಬಿಯಲ್ಲಿ ಇಟ್ಟಳು.

ದಸರಾದ ಹೊತ್ತಿಗೆ ಅವ್ವ, ನನ್ನ ಮನಿಗೆ ಕಳಸರಿ ಅಂತ ಗಂಟುಬಿದ್ದು ಅಕ್ಕಲಕೋಟಕ್ಕೆ ಬಂದಳು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಸೊಲ್ಲಾಪುರಕ್ಕೆ ಹೋದಳು. ಈಗ ಹೀಗೆ ನಡೆದಿದೆ. ತಮ್ಮನ ಮನೆಯಲ್ಲಿ ಅವ್ವನ ಬೆನ್ನಿಗೆ ಒಂದು ಸಲ ಹುಣ್ಣಾಯಿತು, ನಾನು ಸಿಟ್ಟಾದೆ, ತಮ್ಮನ ಹೆಂಡತಿ ಅತ್ತಳು, ಆಮೇಲೆ ಇಬ್ಬರೂ ಕೂಡಿಯೇ ಮಲಾಮು ಹಚ್ಚಿದೆವು. ನನ್ನ ದಣಿವು ಹೋಗಿದೆ ಅಂತ ಹೇಳಲಾರೆ. ವಯಸ್ಸಿನದ್ದೂ ಸೇರಿಕೊಂಡಿದೆ. ನಿವೃತ್ತಿಗೆ ಇನ್ನೂ ವರ್ಷಗಳಿವೆ, ಹೊಸ ಮಕ್ಕಳು ಬರುತ್ತಲೇ ಇರುತ್ತಾರೆ.

ಆಟ ನಿಂತರೂ ರವಿವಾರ ಸೊಲ್ಲಾಪುರಕ್ಕೆ ಹೋಗುವುದು ನಿಂತಿಲ್ಲ. ಊಟ ಆದ ಮೇಲೆ ತಮ್ಮ ಮೇಲಿನ ಕೋಣೆಯಲ್ಲಿ ಟಾವೆಲ್ಲಿನ ಗಂಟಿನ ಮೇಲೆ ಮಲಗುತ್ತಾನೆ. ನಾನು ಅಲ್ಲೇ ನೆಲದ ಜಮಖಾನೆಯ ಮೇಲೆ ಅಡ್ಡಾಗುತ್ತೇನೆ. ಹೊಸ ಅರಿವೆಯ ಗಂಜಿಯ ವಾಸನೆ ಬರುತ್ತಿರುತ್ತದೆ. ಬೀದಿಯಲ್ಲಿ ರಿಕ್ಷಾದವರು ಯಾರದೋ ಜೊತೆ ಮರಾಠಿಯಲ್ಲಿ ವಾದ ಮಾಡುತ್ತಿರುತ್ತಾರೆ. ತಮ್ಮನ ಹೆಂಡತಿ ಬಾಗಿಲವರೆಗೆ ಬಂದು, ನಾನು ಮಲಗಿದ್ದನ್ನು ನೋಡಿ, ಚಹಾ ಆಮೇಲೆ ಇಟ್ಟರಾಯಿತು ಎಂದು ತಿರುಗಿ ಹೋಗುತ್ತಾಳೆ.